ಎಂಟೋ ಆರೋ

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ವೆಂಕಟರಾಮು ಸೋಲೊಪ್ಪಿಕೊಳ್ಳಲೆಂದು ಕಾರು ಹತ್ತಿದ. ಅರವತ್ತು ದಾಟಿದ ಮನುಷ್ಯ ಸೋಲನ್ನು ಮನೆಯ ಸೋಫಾದ ಮೇಲೆ ಕೂತೇ ಒಪ್ಪಿಕೊಳ್ಳಬಹುದಿತ್ತು. ಕೇಳುವವರು ಮನೆಯಲ್ಲೂ ಇರಲಿಲ್ಲ, ಹೋಗುವ ಕಡೆಯೂ ಇರಲಿಲ್ಲ. ಆದರೆ ಅವನದು ಎಲ್ಲವನ್ನೂ ಕ್ರಮಬದ್ಧವಾಗಿ ಮಾಡುವ ಜಾಯಮಾನ. ಡಿಕ್ಕಿಯಲ್ಲಿ ಸತ್ತ ಗೆಳೆಯನ ರೈಫಲ್ಲು, ಅದರ ಪಕ್ಕ ಹೊಸದಾಗಿ ಕೊಂಡ ತೋಟಾಗಳ ಡಬ್ಬಿ ಇಟ್ಟುಕೊಂಡು, ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಉತ್ತರಕ್ಕೆ, ಗುರಿ ಅಭ್ಯಾಸದ ರೇಂಜಿನ ಕಡೆ ಹೊರಟ.

ಗೆಳೆಯನೆಂದರೆ ಡೌನರ್ಸ್ ಗ್ರೋವ್‌ನ ಕೇಶವ್. ಮೈಸೂರಿನ ಕಾಲೇಜಿನಲ್ಲಿ ಇಬ್ಬರೂ ಎನ್‌ಸಿಸಿಯಲ್ಲಿ ಬೋರಲು ಮಲಗಿ ತ್ರೀ ನಾಟ್ ತ್ರೀ ರೈಫಲ್ಲು ಹೊಡೆದು ಭುಜ ಊದಿಸಿಕೊಂಡವರು. ಅಮೆರಿಕಕ್ಕೆ ಬಂದ ಮೇಲೆ ವೆಂಕಟರಾಮು ಡೆಟ್ರಾಯಿಟ್ ಕಡೆ ಕಾರಿನ ಬ್ರೇಕುಗಳ ಡಿಸೈನಿಗೆ, ಕೇಶವ್ ಶಿಕಾಗೋ ಕಡೆ ಸಾಫ್ಟ್‌ವೇರಿಗೆ ಸೇರಿಕೊಂಡರು. ಕೇಶವ್ ಬಾಡೂಟದ ಮನುಷ್ಯ. ನವೆಂಬರ್ ಬಂತೆಂದರೆ ಆಫೀಸಿನವರ ಜೊತೆ ವಿಸ್ಕಾನ್ಸಿನ್‌ಗೆ ಜಿಂಕೆ ಬೇಟೆಗೆ ಹೋಗುತ್ತಿದ್ದ. ವೆಂಕಟರಾಮು ಬೆಳ್ಳುಳ್ಳಿಯನ್ನೂ ಯೋಚಿಸಿ ತಿನ್ನುವವನು. ಅವನು ಜೀವಮಾನದಲ್ಲಿ ಹೊಡೆದಿದ್ದೆಲ್ಲ ಕಾಗದಕ್ಕೆ.

ಇಬ್ಬರ ನಡುವೆ ಒಂದು ಜಗಳವಿತ್ತು. ತ್ರೀ ನಾಟ್ ಎಯ್ಟ್ ಒಳ್ಳೆಯ ತೋಟಾನೋ, ಥರ್ಟಿ ಆಟ್ ಸಿಕ್ಸ್ ಒಳ್ಳೆಯದೋ? ಅವರ ಬಾಯಲ್ಲಿ ಬರೀ ಎಂಟು, ಆರು. ನಿಜ ಹೇಳಬೇಕೆಂದರೆ ಎರಡೂ ಅಣ್ಣತಮ್ಮಂದಿರೇ. ಗುಂಡಿನ ದಪ್ಪ ಒಂದೇ. ಆರರ ಹಿತ್ತಾಳೆ ಕೊಳವೆ ಅರ್ಧ ಇಂಚು ಉದ್ದ, ಒಳಗೆ ತುಸು ಹೆಚ್ಚು ಮದ್ದು, ಭುಜಕ್ಕೆ ತುಸು ಜೋರಾದ ಒದೆತ. ಗುಂಡು ತಾಗಿದ ಜಿಂಕೆಗಂತೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ.

“ಎಂಟು ಅಂದ್ರೆ ಅರ್ಧ ಅಳತೆಯ ಆರು ಕಣೋ. ಕಾಗದ ಹರಿಯೋಕೆ ಸಾಕು, ಕಾಡಿಗೆ ಸಾಲದು,” ಎನ್ನುತ್ತಿದ್ದ ಕೇಶವ್.

“ಗುರಿ ನೆಟ್ಟಗಿರೋನಿಗೆ ಜಾಸ್ತಿ ಮದ್ದು ಯಾಕೋ ಬೇಕು? ಒದೆಸ್ಕೊಳ್ಳೋ ಚಟ ಇದ್ರೆ ಒಂದು ಕತ್ತೆ ಸಾಕು,” ಎನ್ನುತ್ತಿದ್ದ ವೆಂಕಟರಾಮು.

ಪ್ರತಿ ಭಾನುವಾರ ಸಂಜೆ ಇದೇ ಫೋನು, ಇದೇ ರಗಳೆ. ಹೆಂಡತಿ ಸುವರ್ಣ ತೀರಿಕೊಂಡ ಮೇಲೆ ವೆಂಕಟರಾಮುವಿನ ವಾರದಲ್ಲಿ ಉಳಿದ ಕನ್ನಡವೆಂದರೆ ಇಷ್ಟೇ. ಮಕ್ಕಳಿರಲಿಲ್ಲ. ಬಡಾವಣೆಯ ನೆರೆಯವರು ಹಿಮ ಗೋರುವಾಗ ಕೈ ಎತ್ತುತ್ತಿದ್ದರು, ಅವನೂ ಎತ್ತುತ್ತಿದ್ದ. ಆದರೂ ಅವನ ಮನಸ್ಸಿನಲ್ಲಿ ಕೇಶವ್‌ನ ಬಗ್ಗೆಯೇ ಒಂದು ಮರುಕವಿತ್ತು. ಪಾಪ, ಬೇಟೆಯ ಮಾತು ಕೇಳಲು ಅವನಿಗೆ ಇನ್ಯಾರಿದ್ದಾರೆ, ತಾನಲ್ಲದಿದ್ದರೆ ಯಾರು ಎದುರು ವಾದಿಸುತ್ತಾರೆ ಎಂದುಕೊಳ್ಳುತ್ತಿದ್ದ. ಒಂಟಿಯಾದವನು ಇನ್ನೊಬ್ಬರ ಒಂಟಿತನಕ್ಕೆ ಮರುಗುವುದರಲ್ಲಿ ಒಂದು ಸುಖವಿದೆ.

ಹಳೆಯ ಬಂದೂಕು ಕೊಟ್ಟು ಕೇಶವ್ ಹೊಸದನ್ನು ತಂದು ಕೆಲವು ವರ್ಷಗಳಾಗಿದ್ದವು. ಆಯುಧಪೂಜೆಯ ದಿನ ವಿಡಿಯೋ ಕಾಲ್ ಮಾಡಿ ತೋರಿಸುತ್ತಿದ್ದ. ಕಾರಿನ ಕೀ, ಲ್ಯಾಪ್‌ಟಾಪು, ಮಿಕ್ಸಿಯ ಜೊತೆ ರೈಫಲ್ಲೂ ಮಣೆಯ ಮೇಲೆ; ನಳಿಗೆಗೆ ಗಂಧದ ಪಟ್ಟೆ, ಮೇಲೆ ಕುಂಕುಮ, ಸೇವಂತಿಗೆ. “ಲೋ, ತುಕ್ಕು ಹಿಡಿಯತ್ತೆ ಒರೆಸೋ!” ಎಂದು ಇಲ್ಲಿಂದ ವೆಂಕಟರಾಮು ಬೊಬ್ಬೆ ಹೊಡೆದರೆ, “ನಿನ್ನ ನಾಲಿಗೆ ತುಕ್ಕು ಹಿಡಿಯತ್ತೆ ಹೋಗೋ. ಆರು ಕಣೋ ಇದು, ಗಟ್ಟಿ ಗಿರಾಕಿ,” ಎಂದು ಕೇಶವ್ ನಗುತ್ತಿದ್ದ. ಭೇಟಿಗೆ ಹೋದಾಗ ಬಂದೂಕು ಬೀರುವಿನಲ್ಲಿ ಭದ್ರವಾಗಿರುತ್ತಿತ್ತು. ಅತಿಥಿಗಳ ಮುಂದೆ ಅದನ್ನು ತೆಗೆಯಲು ಅವನ ಹೆಂಡತಿ ಪ್ರಭಾ ಬಿಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಕೇಶವ್ ಹೃದಯಾಘಾತದಿಂದ ಹೋಗಿಬಿಟ್ಟ. ರೈಫಲ್ಲು ವೆಂಕಟರಾಮುವಿಗೆ ಸೇರಬೇಕೆಂದು ವಿಲ್ ಮಾಡಿಸಿದ್ದ. ಸತ್ತ ಮೇಲೂ ಕೊನೆಯ ಮಾತು ತನ್ನದೇ ಆಗಬೇಕೆಂಬ ಹಠ ನೋಡಿ, ಎಂದು ವೆಂಕಟರಾಮುವಿಗೆ ಅಳುವಿನ ನಡುವೆಯೂ ನಗು ಬಂದಿತ್ತು. ಹೋಗಿ ತಂದ. ಉಳಿದ ತೋಟಾಗಳನ್ನು ಪ್ರಭಾ ಆಗಲೇ ಗಂಡನ ಬೇಟೆಯ ಜೊತೆಗಾರನೊಬ್ಬನಿಗೆ ಕೊಟ್ಟಿದ್ದಳು. ಹೋದ ವರ್ಷದ ಗಂಧ ಕುಂಕುಮ ನಳಿಗೆಯ ಮೇಲೆ ಹಾಗೇ ಒಣಗಿತ್ತು. ಒರೆಸಲು ಅವನಿಗೆ ಕೈ ಬರಲಿಲ್ಲ.

ಭುಜದ ಆಪರೇಷನ್ ಆದಮೇಲೆ ಎರಡೆರಡು ರೈಫಲ್ಲು ಸಾಕುವ ಉತ್ಸಾಹ ಅವನಿಗಿರಲಿಲ್ಲ. ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. ಬಹಳ ದಿನ ತೂಗಿ ನೋಡಿ ಕೇಶವ್‌ನ ಆರನ್ನೇ ಇಟ್ಟುಕೊಂಡು ತನ್ನ ಎಂಟನ್ನು ಮಾರುವುದೆಂದು ನಿಶ್ಚಯಿಸಿದ. ಭುಜ ನೊಂದರೆ ನೋಯಲಿ. ರೇಂಜಿನಲ್ಲಿ ಆರರ ತೋಟಾ ಒಂದನ್ನು ಹಾರಿಸಿ, ‘ನೀನೇ ಗೆದ್ದೆ ಕಣೋ’ ಎಂದು ಬಾಯಿಬಿಟ್ಟು ಹೇಳಬೇಕು. ಬದುಕಿದ್ದಾಗ ಒಮ್ಮೆಯೂ ಹೇಳಲಿಲ್ಲವಲ್ಲ ಎಂಬುದೇ ಅವನ ಕೊರಗು.

ರೇಂಜಿನಲ್ಲಿ ಜನ ಹೆಚ್ಚಿರಲಿಲ್ಲ. ಬೆಂಚಿನ ಮೇಲೆ ರೈಫಲ್ಲಿಟ್ಟು ಡಬ್ಬಿಗೆ ಕೈಹಾಕಿದ. ನಳಿಗೆಯ ಮೇಲಿನ ಅಕ್ಷರ ಓದದೆ ಯಾವ ಬಂದೂಕಿಗೂ ತೋಟಾ ತುಂಬಬಾರದು. ಗುರುತು ಪರಿಚಯವಿರುವ ಬಂದೂಕಾದರೂ ಸರಿ. ಆ ಅಕ್ಷರಗಳಿರುವ ಕಡೆಯೇ ಗಂಧದ ಪಟ್ಟೆ ಗಟ್ಟಿಯಾಗಿ ಕೂತಿತ್ತು. “ಕ್ಷಮಿಸೋ,” ಎಂದು ಕರವಸ್ತ್ರಕ್ಕೆ ಎಣ್ಣೆ ಹಾಕಿ ಉಜ್ಜಿದ. ಕುಂಕುಮ ಹೋಯಿತು, ಗಂಧ ಉದುರಿತು, ಅಕ್ಷರ ಮೂಡಿತು.

ಅದು ಎಂಟು.

ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಅನುಮಾನವೇ ಇಲ್ಲ, ತ್ರೀ ನಾಟ್ ಎಯ್ಟ್. ತಂದಿದ್ದ ಡಬ್ಬಿಯ ಒಂದು ತೋಟಾವೂ ಇದರೊಳಗೆ ಹೋಗುವಂತಿರಲಿಲ್ಲ. ತೋಟಾ ತುಂಬುವ ಬೋಲ್ಟನ್ನು ತೆರೆದಿಟ್ಟು, ಕಾರಿನ ಬಳಿ ಹೋಗಿ ಪ್ರಭಾಗೆ ಫೋನ್ ಮಾಡಿದ.

“ಪ್ರಭಾ, ಈ ಬಂದೂಕು ಆರಲ್ಲ, ಎಂಟು! ನಿಮಗೆ ಗೊತ್ತಿತ್ತಾ?”

“ಒರೆಸಿಬಿಟ್ರಾ?” ಎಂದಳು ಪ್ರಭಾ. “ಗೊತ್ತಿತ್ತು. ಅಂಗಡಿಗೆ ಜೊತೆಗೆ ಹೋಗಿದ್ದೆ. ವೆಂಕೂ ಹೇಳೋದೇ ಸರಿ, ಇದೇ ಒಳ್ಳೇದು ಅಂತಾನೇ ತಗೊಂಡ್ರು. ಪೂಜೆಗೆ ಗಂಧ ಎಲ್ಲಿ ಹಚ್ಚಬೇಕು ಅಂತ ಇವರೇ ಬೆರಳಿಟ್ಟು ತೋರಿಸೋರು.”

“ನನಗ್ಯಾಕೆ ಹೇಳ್ಲಿಲ್ಲ?”

“ನಾನೂ ಕೇಳ್ದೆ. ಸೋತೆ ಅಂದ್ಬಿಟ್ರೆ ಅವನು ಫೋನ್ ಮಾಡೋದು ಬಿಡ್ತಾನೆ, ಭಾನುವಾರ ಅವನಿಗೆ ಬೇರೆ ಏನಿದೆ ಹೇಳು, ಅಂದ್ರು.”

ವೆಂಕಟರಾಮುವಿಗೆ ಮೊದಲು ಸಿಟ್ಟು ಬಂತು. ತಾನು ಅವನಿಗೆ ಮರುಗುತ್ತಿದ್ದರೆ ಅವನು ತನಗೇ ಮರುಗುತ್ತಿದ್ದನಲ್ಲ, ಇಷ್ಟು ವರ್ಷ! ಆಮೇಲೆ ಕಾರಿಗೆ ಒರಗಿ ನಿಂತ. ಎಷ್ಟು ಜನ ಹೀಗೆ ಒಬ್ಬನಿಗಾಗಿ ಬೇಕೆಂದೇ ತಪ್ಪು ಮಾತಾಡಿಯಾರು? “ಆಮೇಲೆ ಮಾಡ್ತೀನಿ,” ಎಂದಷ್ಟೇ ಹೇಳಿ ಫೋನಿಟ್ಟ.

ಬೆಂಚಿಗೆ ವಾಪಸು ಬಂದ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಮಾರುವುದು ಎಂಬ ಪ್ರಶ್ನೆಗೆ ಈಗ ಅರ್ಥವೇ ಇರಲಿಲ್ಲ. ಚೀಲದ ತಳದಲ್ಲಿ ಅವನವೇ ಎಂಟರ ತೋಟಾಗಳು ಕೆಲವು ಬಿದ್ದಿದ್ದವು. ಒಂದನ್ನು ತುಂಬಿ, ಉಸಿರು ಹಿಡಿದು ಹಾರಿಸಿದ. ಕಾಗದದ ನಡುವಿಗೇ ಬಿತ್ತು. ಭುಜಕ್ಕೆ ನೋವೂ ಆಗಲಿಲ್ಲ. ಇಷ್ಟು ದೊಡ್ಡ ಗೆಲುವು ಸಿಕ್ಕಿತ್ತು, ಹೇಳಿಕೊಳ್ಳೋಣವೆಂದರೆ ಸೋತವನೇ ಇರಲಿಲ್ಲ.

“ಆರೇ ಸರಿ ಕಣೋ,” ಎಂದ ವೆಂಕಟರಾಮು, ಗಟ್ಟಿಯಾಗಿ. “ಎಂಟರಲ್ಲಿ ಏನಿದೆ ಮಣ್ಣು! ಆರೇ ಸರಿ. ಅಲ್ಲ ಅನ್ನೋ, ನೋಡೋಣ.”

ಹೇಳಿ, ರೂಢಿಯಂತೆ ಉತ್ತರಕ್ಕೆ ಕಾದ. ಪಕ್ಕದ ಬೆಂಚಿನವನು ಸದ್ದು ತಡೆಯುವ ಕಿವಿಗವಸು ಹಾಕಿಕೊಂಡು ತನ್ನ ಗುರಿ ನೋಡುತ್ತಿದ್ದ, ಅವನಿಗೆ ಏನೂ ಕೇಳಿಸಲಿಲ್ಲ.