ಎಡಗೈ ಖಾಲಿ ಇರಲಿ

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಒಳ್ಳೆಯ ನಡತೆ ತಾನಾಗಿ ಬಂದುಬಿಡುತ್ತದೆ. ಕೈ ನೀಡು ಎಂದರೆ ನೀಡುತ್ತೇನೆ, ನಾಲಗೆ ತೋರಿಸು ಎಂದರೆ ತೋರಿಸುತ್ತೇನೆ. ಮೊನ್ನೆ ಮರಾಠಿ ಸೀಮೆಯ ಉಮರ್ಗಾದ ಆಸ್ಪತ್ರೆಯೊಂದಕ್ಕೆ ಹರ್ನಿಯಾ ಆಪರೇಷನ್ನಿನ ಮುಂಚಿನ ತಪಾಸಣೆಗೆಂದು ಹೋದಾಗಲೂ ಹಾಗೇ ಕೂತಿದ್ದೆ. ಅರಿವಳಿಕೆ ಕೊಡುವ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿ.ಪಿ., ಸಕ್ಕರೆ ಎಲ್ಲ ನೋಡಿ ಮುಗಿಸಿ, ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿ, ಇವರಿಗೆ ಮರೆವು, ಗೊಂದಲ ಏನಾದರೂ ಆಗುವುದುಂಟೇ ಎಂದು ಮರಾಠಿಯಲ್ಲಿ ಕೇಳಿದರು.

"ಯಾವಾಗ ಆಗಂಗಿಲ್ಲ ಅಂತ ಕೇಳ್ರಿ," ಎಂದಳು ಇವಳು, ಅಪ್ಪಟ ಕನ್ನಡದಲ್ಲಿ. ಡಾಕ್ಟರಿಗೆ ತಿಳಿಯಲಿಲ್ಲ. ನಾನೂ ತಿಳಿಸಿ ಹೇಳುವ ಗೋಜಿಗೆ ಹೋಗಲಿಲ್ಲ.

ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಕೆಲವು ದಿನ ತಲೆ ಗೊಂದಲವಾಗಬಹುದು ಎಂದು ಅವರು ವಿವರಿಸಿದರು. ಇಲ್ಲದ್ದು ಕಾಣಬಹುದು, ಮನೆಯವರ ಗುರುತೇ ತಪ್ಪಬಹುದು, ಸಂಜೆಯಾದರೆ ಹೆಚ್ಚಾಗಬಹುದು. ಬಹಳ ಮಂದಿಗೆ ಇಳಿದುಹೋಗುತ್ತದೆ. ಎಚ್ಚರವಾದ ಕೂಡಲೇ ಚಷ್ಮಾ ಕೊಡಿ, ಗುರುತಿನ ಮುಖ ಹತ್ತಿರ ಇರಲಿ ಎಂದರು. ನಾನು ತಲೆಯಾಡಿಸಿದೆ. ಇದನ್ನೆಲ್ಲ ನಮ್ಮ ದೊಡ್ಡವ್ವ ನನಗೆ ಆಗಲೇ ತೋರಿಸಿಕೊಟ್ಟಿದ್ದಳು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ವಲಾಂಡಿಯ ಕಾಶೀಬಾಯಿ. ನಮ್ಮ ಕಡೆಯ ಮನೆಗಳಲ್ಲಿ ಇಷ್ಟಲಿಂಗ ಎಲ್ಲರ ಕೊರಳಿಗೂ ಬೀಳುತ್ತದೆ. ದಿನಾ ಅಂಗೈಗೆ ಬರುವುದು ಕೆಲವರದು ಮಾತ್ರ. ದೊಡ್ಡವ್ವನದು ತಪ್ಪದೆ ಬರುತ್ತಿತ್ತು. ಬೆಳಿಗ್ಗೆ ಮಿಂದು, ಬೆಳ್ಳಿಯ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಕೂಡಿಸಿಕೊಂಡು ಪೂಜೆ ಮುಗಿಸುವ ತನಕ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮಾತಾಡುತ್ತಿರಲಿಲ್ಲ ನಿಜ, ಆದರೆ ಹುಬ್ಬಿನಿಂದಲೇ ಇಡೀ ಮನೆ ನಡೆಸುತ್ತಿದ್ದಳು. ಎಡ ಹುಬ್ಬು ಏರಿದರೆ ಹಾಲು ಉಕ್ಕುತ್ತಿದೆ, ಎರಡೂ ಏರಿದರೆ ಕರು ಹಗ್ಗ ಕಿತ್ತಿದೆ ಎಂದು ನಾವೇ ತಿಳಿದುಕೊಳ್ಳಬೇಕು. ನನ್ನ ಕರಡಿಗೆಯ ಸುದ್ದಿ ಕೇಳಬೇಡಿ. ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆದ ಮೇಲೆ, ಬೆಳಗಿನ ಗಾಡಿಗಳ ಗದ್ದಲದಲ್ಲಿ ಅದು ಮನೆಯ ಗೂಟ ಸೇರಿತು. ನಿವೃತ್ತನಾದ ಮೇಲೂ ಇಳಿಯಲಿಲ್ಲ. ಅದರ ಮೇಲೆ ನನ್ನ ಒಂದು ಟೊಪ್ಪಿಗೆಯೂ ಕೂತಿದೆ.

ಕೆಲವು ವರ್ಷಗಳ ಹಿಂದೆ ದೊಡ್ಡವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಉದಗೀರದಲ್ಲಿ ಆಪರೇಷನ್. ಮಗ ಶಿವರಾಜ, ನನಗೆ ತಮ್ಮನಾಗಬೇಕು, ಹುಷಾರಿಯ ಮನುಷ್ಯ. ವಾರ್ಡಿನಲ್ಲಿ ಸಾಮಾನು ಕಳೆಯುತ್ತವೆಂದು ಅವಳ ಚಷ್ಮಾ, ಹಲ್ಲಿನ ಸೆಟ್ಟು ಎಲ್ಲವನ್ನೂ ವಲಾಂಡಿಗೆ ಕಳಿಸಿ ಕಪಾಟಿನಲ್ಲಿ ಇಡಿಸಿದ. ಕರಡಿಗೆಯನ್ನು ಮಾತ್ರ ತನ್ನ ಕೊರಳಿಗೇ ಹಾಕಿಕೊಂಡು, ಅವಳು ಹೊರಗೆ ಬಂದ ಕೂಡಲೇ ಅವಳ ಕೊರಳಿಗೆ ಮರಳಿ ಹಾಕಿದ. ನಮ್ಮ ಕರ್ತವ್ಯ ಆಯಿತು ಎಂದು ಎಲ್ಲರೂ ಚಹಾ ಕುಡಿದೆವು.

ಆಪರೇಷನ್ನಿನ ಮರುದಿನ ಸಂಜೆ ದೊಡ್ಡವ್ವನ ಕಣ್ಣು ಬೇರೆಯಾದವು. ಗೋಡೆಯ ಮೇಲೆ ಕೆಂಜಗದ ಇರುವೆ ಹರಿಯುತ್ತಿವೆ ಎಂದಳು. ಸತ್ತ ಅತ್ತೆ ಕರೆಯುತ್ತಿದ್ದಾಳೆ ಎಂದಳು. ಆಮೇಲೆ ಇಡೀ ವಾರ್ಡೇ ಒಂದು ಎಸ್.ಟಿ. ಬಸ್ಸಾಯಿತು.

"ತಮ್ಮಾ, ಈ ಗಾಡಿ ವಲಾಂಡಿಗ ನಿಲ್ತದೇನು?" ಎಂದು ನನ್ನನ್ನೇ ಕೇಳಿದಳು.

"ನಿಲ್ತದ ದೊಡ್ಡವ್ವಾ, ಇನ್ನೇನ ಬಂತು," ಎಂದೆ. ನೌಕರಿ ಉದ್ದಕ್ಕೂ ಅದೇ ಉತ್ತರ ಕೊಟ್ಟವನು, ತಲೆ ಎತ್ತಿ ನೋಡುವ ಅಗತ್ಯವೂ ಬೀಳಲಿಲ್ಲ.

ನಗುವಂಥದ್ದು ಅಷ್ಟೇ. ಎಡಗೈಗೆ ಸಲೈನಿನ ಸೂಜಿ ಹಾಕಿ ಪಟ್ಟಿ ಸುತ್ತಿದ್ದರು. ಅವಳು ಅದನ್ನು ಕಿತ್ತಳು. ಮತ್ತೆ ಹಾಕಿದರು, ಮತ್ತೆ ಕಿತ್ತಳು. ಹಾಸಿಗೆಯೆಲ್ಲ ರಕ್ತ. "ನನ್ನ ಕೈ ಖಾಲಿ ಮಾಡ್ರೋ, ಕೈ ಖಾಲಿ ಮಾಡ್ರಿ," ಎಂದು ಒಂದೇ ಸಮ ಒದರುತ್ತಿದ್ದಳು. ಕೆಂಜಗ, ಅತ್ತೆ, ಗಾಡಿ, ಅದರ ಜೊತೆಗೆ ಇದೂ ಒಂದು ಎಂದು ಬಿಟ್ಟೆವು. ಔಷಧ ಒಳಗೆ ಹೋಗದಿದ್ದರೆ ಮುದುಕಿ ಉಳಿಯುವುದಿಲ್ಲ ಎಂದು ಪಕ್ಕದ ಮಂಚದವರು ಹೆದರಿಸಿದರು. ಶಿವರಾಜ ಮಣಿಕಟ್ಟಿನ ಕೆಳಗೆ ಹತ್ತಿ ಇಟ್ಟು, ಮೆತ್ತಗೆ, ಬ್ಯಾಂಡೇಜಿನಿಂದ ಅವ್ವನ ಎಡಗೈಯನ್ನು ಮಂಚಕ್ಕೆ ಕಟ್ಟಿದ.

ಬೆಳಿಗ್ಗೆ ಅವಳು ಅವನನ್ನೇ ದಿಟ್ಟಿಸಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದಳು:

"ಸಾಹೇಬ್ರ, ನಮ್ಮ ಶಿವರಾಜಗ ಒಂದ್ ನಿರೋಪ ಹೇಳ್ರಿ. ನಿಮ್ಮವ್ವನ ಕೈ ಕಟ್ಟ್ಯಾರ ಅಂತ ಹೇಳ್ರಿ. ಅಂವಾ ಬಂದು ಬಿಡಸ್ತಾನ."

ಶಿವರಾಜ ನನ್ನ ಮುಖ ನೋಡಿದ. "ಅಣ್ಣಾ, ಅವ್ವ ಹಿಂಗೇ ಉಳದ್ರ ನಾ ಏನ್ ಮಾಡ್ಲಿ?" ಎಂದ.

ಅಷ್ಟರಲ್ಲಿ ಹೊಸ ಪಾಳಿಯ ಸಿಸ್ಟರ್ ಬಂದಳು. ಎಡಗೈ ಊದಿಕೊಂಡಿತ್ತು, ನರ ಸಿಗುತ್ತಿರಲಿಲ್ಲ. ಬೇಸತ್ತು, "ಕೋಣತ್ಯಾ ಹಾತಾಲಾ ಲಾವೂ, ಆಜೀ?" ಎಂದಳು. ಯಾವ ಕೈಗೆ ಹಾಕಲಿ ಅಂತ. ಅವಳೂ ಉತ್ತರ ಬರುತ್ತದೆಂದು ಕೇಳಿದವಳಲ್ಲ. ದೊಡ್ಡವ್ವ ಬಲಗೈ ಚಾಚಿ ಸ್ಪಷ್ಟ ಮರಾಠಿಯಲ್ಲಿ, "ಹ್ಯಾ ಹಾತಾಲಾ ಲಾವ್, ಬಾಯೀ. ತೋ ಪೂಜೇಚಾ ಆಹೇ," ಎಂದಳು. ಇದಕ್ಕೆ ಹಾಕವ್ವ, ಅದು ಪೂಜೆಯ ಕೈ.

ನಾವಿಬ್ಬರೂ ಅದೇ ಲಿಂಗದ ಮನೆಯಲ್ಲಿ ಬೆಳೆದವರು. ಆ ಅಂಗೈಯನ್ನು ದಿನಾ ನೋಡಿದವರು. ಆದರೂ ಮರಾಠಿಯಲ್ಲಿ ಕೇಳಿದ ಮೇಲೆಯೇ ತಲೆಗೆ ಹೋಯಿತು.

ಶಿವರಾಜ ಗಂಟು ಬಿಚ್ಚಿದ. ಒದ್ದೆ ಬಟ್ಟೆಯಿಂದ ಅವಳ ಅಂಗೈ ಒರೆಸಿ ಲಿಂಗ ಇಟ್ಟ. ಅವಳಿಗೆ ಕೈ ಎತ್ತಿ ಹಿಡಿಯಲು ಆಗಲಿಲ್ಲ, ಕೆಳಗಿನಿಂದ ತನ್ನ ಅಂಗೈ ಆನಿಸಿ ಹಿಡಿದ. ಚಷ್ಮಾ ಇಲ್ಲದ ಅವಳು ಲಿಂಗವನ್ನು ಮೂಗಿನ ತನಕ ತಂದುಕೊಂಡು ನೋಡಿದಳು. ನಡುವೆ ಮರೆತಳು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಮುಗಿದ ಮೇಲೆ ತಾನೇ ನೀರು ಕೇಳಿ ಕುಡಿದಳು. ಬಲಗೈಯ ಸೂಜಿಯನ್ನು ಮುಟ್ಟಲೂ ಇಲ್ಲ.

ಲಿಂಗ ಕೈಗೆ ಬಂದ ಗಳಿಗೆಗೇ ಭ್ರಮೆ ಬಿಟ್ಟಿತು ಎಂದು ನಮ್ಮ ಬಂಧುಬಳಗ ಇವತ್ತಿಗೂ ಹೇಳುತ್ತದೆ. ಹಾಗೇನೂ ಆಗಲಿಲ್ಲ. ಸಂಜೆಗೆ ಗಾಡಿ ಮತ್ತೆ ಹೊರಟಿತು. ರೌಂಡಿಗೆ ಬಂದ ಡಾಕ್ಟರು ಕೈ ಕಟ್ಟಿದ್ದಕ್ಕೆ ಬೈದರು, ಚಷ್ಮಾ ಮತ್ತು ಹಲ್ಲು ಎಲ್ಲಿ ಎಂದು ಕೇಳಿದರು. ವಲಾಂಡಿಯ ಕಪಾಟಿನಲ್ಲಿ ಭದ್ರವಾಗಿವೆ ಎಂದು ಕೇಳಿ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಗಲು ಕಿಟಕಿ ತೆರೆದಿಡಿ, ಊರು, ವಾರ ಹೇಳುತ್ತಾ ಇರಿ, ನೋವಿಗೆ ಔಷಧ ತಪ್ಪಿಸಬೇಡಿ ಎಂದರು. ಎಲ್ಲ ಮಾಡಿದೆವು. ಬೆಳಗಿನ ಪೂಜೆಯೂ ನಡೆಯಿತು. ಯಾವುದು ಎಷ್ಟು ಕೆಲಸ ಮಾಡಿತೋ ನಾನು ಹೇಳಲಾರೆ.

ಒಂದು ಬೆಳಿಗ್ಗೆ, ಚಷ್ಮಾ ಹಾಕಿಕೊಂಡು, ಅಂಗೈಯ ಕೆಳಗಿದ್ದ ಇನ್ನೊಂದು ಅಂಗೈಯನ್ನು ನೋಡಿದಳು. ತೋಳಿನುದ್ದಕ್ಕೂ ಕಣ್ಣು ಏರಿಸುತ್ತಾ ಮುಖಕ್ಕೆ ಬಂದಳು.

"ಶಿವ್ಯಾ, ಯಾಕೋ ಇಷ್ಟ್ ಸೊರಗಿದಿ? ಉಂಡಿಲ್ಲೇನು?"

ಅವನು ಇನ್ನೊಂದು ತೋಳಿನಿಂದ ಕಣ್ಣು ಒರೆಸಿಕೊಂಡ. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಅವಳು ಮಾತ್ರ ಫಿರ್ಯಾದು ಮುಂದುವರಿಸಿದಳು: "ಇಲ್ಲಿ ಯಾವನೋ ಒಬ್ಬ ಸಾಹೇಬ ಇದ್ದ ನೋಡು, ನನ್ನ ಕೈ ಕಟ್ಟಿದ್ದ. ಅವನ ಕೈ ಸೇದಿ ಹೋಗ್ಲಿ."

ಶಿವರಾಜ ಮೂಗು ಒರೆಸಿಕೊಂಡ. "ಅವಂದು ಬ್ಯಾರೆ ಊರಿಗೆ ಬದಲಿ ಆತು ತಗೋ ಅವ್ವಾ," ಎಂದ.

ಇಷ್ಟೆಲ್ಲ, ಆ ತಪಾಸಣೆಯ ಬಳಿಕ ನನ್ನ ಆಪರೇಷನ್ನಿನ ದಿನ, ಆಸ್ಪತ್ರೆಯ ಮಂಚದ ಮೇಲೆ ಮತ್ತೊಮ್ಮೆ ನೆನಪಾಯಿತು. ಸಿಸ್ಟರ್ ಬಂದು ಕೇಳದೆ ಹೇಳದೆ ನನ್ನ ಎಡಗೈ ಹಿಡಿದಳು. ನಾನು ಅದನ್ನು ಎಳೆದುಕೊಂಡು ಬಲಗೈ ಕೊಟ್ಟೆ. ನನ್ನ ಒಳ್ಳೆಯ ನಡತೆ ಮೊದಲ ಸಲ ಕೆಟ್ಟಿತು.

ಸಿಸ್ಟರ್ ಹೋದ ಮೇಲೆ ಹೆಂಡತಿಗೆ ಹೇಳಿದೆ: "ಎಡಗೈ ಖಾಲಿ ಇರಲಿ. ನಾ ಎಚ್ಚರಾದ ಮ್ಯಾಲ ಏನೇನರೆ ಬಡಬಡಸಬಹುದು. ಎಲ್ಲಾ ಹುಚ್ಚು ಅಂತ ಬಿಡಬ್ಯಾಡ. ಅದರಾಗ ಒಂದ್ ಮಾತು ಖರೆ ಇರ್ತದ."

ಪೂಜೆ ಮಾಡದವನಿಗೆ ಖಾಲಿ ಕೈ ಯಾಕೆ ಎಂದು ಕೇಳಿಯೇ ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿಲ್ಲ. ಕೈಚೀಲ ಬಿಚ್ಚಿ ತೋರಿಸಿದಳು. ನನ್ನ ಚಷ್ಮಾದ ಡಬ್ಬಿಯ ಪಕ್ಕದಲ್ಲಿ ನನ್ನ ಕರಡಿಗೆ ಇತ್ತು. ಹೊಸ ದಾರ ಹಾಕಿದ್ದಳು.

"ನಿನ್ನೇನೇ ಗೂಟದಿಂದ ತಗದೀನಿ," ಎಂದಳು. "ಧೂಳ ಭಾಳ ಕೂತಿತ್ತು."