ಕಣ್ಣು ಮುಚ್ಚಿ ಓಡಿದ ಗುಡ್ಡ

ನಮ್ಮ ಆಟದ ಮೇಡಂ ಚಹಾ ಕುಡಿಯುವಾಗಲೂ ಅವರ ಎಡಗೈ ಹೆಬ್ಬೆರಳು ಮಡಚಿಕೊಂಡೇ ಇರುತ್ತಿತ್ತು. ಬಲಗೈಯಲ್ಲಿ ಚಹಾದ ಕಪ್ಪು, ಎಡಗೈ ತೊಡೆಯ ಮೇಲೆ, ಹೆಬ್ಬೆರಳು ಮಾತ್ರ ಕಾಣದ ಕಾಗದವೊಂದನ್ನು ಒತ್ತಿ ಹಿಡಿದ ಹಾಗೆ. ಅದರ ಉಗುರಿನ ಅಂಚು ಸವೆದು ಚಪ್ಪಟೆಯಾಗಿತ್ತು. ಗುಡ್ಡದಲ್ಲಿ ಓಡುವಾಗ ನಕಾಶೆಯ ಮೇಲೆ ತಾವಿರುವ ಜಾಗಕ್ಕೆ ಹೆಬ್ಬೆರಳಿಟ್ಟು, ಮುಂದೆ ಹೋದಂತೆಲ್ಲ ಅದನ್ನೂ ಸರಿಸುತ್ತ ಹೋಗುವುದು ಅವರ ರೂಢಿ. ಕಕ್ಕೇರಾ ಕಡೆ ಕೂಲಿ ಮಾಡಿ ಅವರನ್ನು ಓದಿಸಿದ ತಾಯಿ ಇದನ್ನು ಕಂಡು ನಗುತ್ತಿದ್ದರಂತೆ: "ನಾವು ಓದಲಾರದಕ್ಕ ಹೆಬ್ಬಟ್ಟ ಒತ್ತಿದ್ವಿ. ಈಕಿ ಇಷ್ಟ ಓದಿನೂ ಹೆಬ್ಬಟ್ಟ ಒತ್ತಾಕತ್ಯಾಳ."

ನಾನು ಶಹಾಪುರದ ಕಾಲೇಜು ಸೇರಿದ ವರ್ಷ ಮೇಡಂ ಕೆಲವು ಹುಡುಗಿಯರನ್ನು ಆರಿಸಿ ಓರಿಯಂಟಿಯರಿಂಗ್ ಕಲಿಸತೊಡಗಿದರು. ಹೆಸರಿಗೆ ನಾಲಿಗೆ ಹೊರಳದಿದ್ದರೂ ಆಟ ಸರಳ. ಗುಡ್ಡದಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣದ ಬಟ್ಟೆಯ ಗುರುತು ಕಟ್ಟಿರುತ್ತಾರೆ. ನಕಾಶೆ, ದಿಕ್ಸೂಚಿ ಹಿಡಿದು, ಒಂದಾದ ಮೇಲೊಂದು ಗುರುತು ಮುಟ್ಟಿ ಬೇಗ ಬರಬೇಕು. ದಾರಿ ನಿಮ್ಮಿಷ್ಟ, ಬಂಡೆ ಹತ್ತಿ ನೇರ ಹೋಗುತ್ತೀರೋ, ಹಳ್ಳ ಹಿಡಿದು ಸುತ್ತಿ ಹೋಗುತ್ತೀರೋ. ಮೇಡಂ ಯಾವಾಗಲೂ ಹಳ್ಳದ ಪಕ್ಷ. "ನೆಟ್ಟಗ ಹೋಗೂದೆಲ್ಲ ಹತ್ರ ಅಲ್ಲ, ತಂಗಿ" ಎನ್ನುತ್ತಿದ್ದರು. ಮೊದಲ ದಿನ ಪೊದೆ ಪೊದೆ ಇಣುಕುತ್ತಿದ್ದ ನಮ್ಮನ್ನು ಕಂಡು ಆಡು ಮೇಯಿಸುವ ಹೆಂಗಸೊಬ್ಬಳು, "ಏನ್ ಕಳಕೊಂಡೀರಿ ಯವ್ವಾ?" ಎಂದು ಕೂಗಿದಳು. "ನಮ್ಮನ್ನ ನಾವ ಕಳಕೊಂಡೀವಿ ಅಕ್ಕಾ, ಸಿಕ್ರ ಹೇಳು" ಎಂದರು ಮೇಡಂ, ಓಡುತ್ತಲೇ.

ಓಟ ಮುಗಿದ ಮೇಲೆ ಅವರ ಪಾಠ ಶುರು. ಬೇವಿನ ಗಿಡದ ಕೆಳಗೆ ಕೂಡಿಸಿ, ಕೆಂಪು ಪೆನ್ಸಿಲ್ ಕೊಟ್ಟು, ಹೋದ ದಾರಿಯನ್ನು ನಕಾಶೆಯ ಮೇಲೆ ಗೀಚಿಸುತ್ತಿದ್ದರು. ಮೊದಲು ತಮ್ಮದು. "ಇಲ್ಲಿ ಸೊಕ್ಕ ಮಾಡಿ ನಕಾಶಿ ಮ್ಯಾಲಿಂದ ಹೆಬ್ಬಟ್ಟ ಎತ್ತಿದೆ. ಮುಂದ ನೋಡ್ರಿ, ಕತ್ತೆ ತಿರುಗಿದಂಗ ತಿರುಗೀನಿ." ನಾವು ನಕ್ಕು ಮುಗಿಸಿದ ಮೇಲೆ ನಮ್ಮ ಸರದಿ. "ಕಣ್ಣ ಮುಚ್ಚು. ಇನ್ನೊಮ್ಮಿ ಓಡು. ಎಲ್ಲಿ ಹೋದಿ ಅಷ್ಟ ಹೇಳು, ಯಾಕ ಹೋದಿ ಆಮ್ಯಾಲ."

ಕಣ್ಣು ಮುಚ್ಚಿದರೆ ಗುಡ್ಡ ಬೇರೆಯೇ ಆಗುತ್ತಿತ್ತು. ಏದುಸಿರಿಲ್ಲ, ಜಾಲಿಮುಳ್ಳು ಚುಚ್ಚುವುದಿಲ್ಲ. ಬಂಡೆಗಳು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಬೇವಿನ ಗಾಳಿ, ದೂರದ ಬಸ್ಸಿನ ಹಾರ್ನು, ಪಕ್ಕದಲ್ಲಿ ಯಾರೋ ಕಡಲೆಕಾಯಿ ಒಡೆಯುವ ಸದ್ದು ಎಲ್ಲವೂ ಆ ಓಟದೊಳಗೇ ತೇಲಿ ಬರುತ್ತಿದ್ದವು. ಕಾಲು ನೆಲ ಮುಟ್ಟುತ್ತಿತ್ತೋ ಇಲ್ಲವೋ. ನಿಜವಾಗಿ ಓಡಿದ್ದಕ್ಕಿಂತ ಆ ಓಟವೇ ನನಗೆ ಹೆಚ್ಚು ಇಷ್ಟವಾಗಿತ್ತು. ಮೇಡಂ ಮಾತ್ರ ಎಚ್ಚರಿಸುತ್ತಿದ್ದರು: "ಓಡಿದ್ದು ಬ್ಯಾರೆ, ಓಡೀನಿ ಅಂದ್ಕೊಂಡಿದ್ದು ಬ್ಯಾರೆ. ಎರಡೂ ಕೂಡೂತನಾ ಏಳಬ್ಯಾಡ."

ತಂಡದ ಆಯ್ಕೆಗೆಂದು ನಡೆದ ಓಟ ನಮ್ಮೂರ ಗುಡ್ಡದಲ್ಲೇ ಇತ್ತು. ಶಹಾಪುರದ ರಸ್ತೆಯಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುವ ಸಾಲು ಅದು. ಹಣೆ, ಮೂಗು, ಎದೆ ಎಲ್ಲ ಸ್ಪಷ್ಟ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಬಸ್ಸಿನಲ್ಲಿ ಹೋಗುವಾಗ ಅವ್ವ ಆ ಗುಡ್ಡಕ್ಕೂ ಕೈ ಮುಗಿಯುತ್ತಾಳೆ. ತಂಡ ಸೇರಿ ಊರ ಹೊರಗೆ ಓಡಬೇಕು, ಆ ವರ್ಷ ನನಗೆ ಬೇರೆ ಏನೂ ಬೇಡವಾಗಿತ್ತು. ಹುಟ್ಟಿದಾಗಿನಿಂದ ಕಂಡ ಗುಡ್ಡ, ಗೆದ್ದೇಬಿಟ್ಟೆ ಎಂದುಕೊಂಡಿದ್ದೆ. ಮುಂದಿನ ಗುರುತು ಎದೆಯ ಬುಡದಲ್ಲಿದೆ ಎಂದು ಅಂದಾಜು ಮಾಡಿ, ನಕಾಶೆ ಬಿಟ್ಟು ಬುದ್ಧನ ಹಣೆಯನ್ನೇ ನೋಡುತ್ತ ಓಡಿದೆ. ಗುಡ್ಡದ ಹಿಂಬದಿಗೆ ಹೊರಳಿದಾಗ ಹಣೆ ಇರಲಿಲ್ಲ. ಮೂಗೂ ಇರಲಿಲ್ಲ. ಎತ್ತ ನೋಡಿದರೂ ಬಂಡೆ, ಬಿಸಿಲು, ಇನ್ನಷ್ಟು ಬಂಡೆ. ಹೇಗೋ ಕೆಳಗಿಳಿದು ಬಂದಾಗ ಉಳಿದವರೆಲ್ಲ ನೀರು ಕುಡಿದು ಕೂತಿದ್ದರು. ಕೆಂಪು ಗೆರೆ ಎಳೆಯಲು ಹೋದರೆ ನಡುವಿನ ತುಂಡೇ ನನ್ನ ತಲೆಯಲ್ಲಿರಲಿಲ್ಲ. ಕಣ್ಣು ಮುಚ್ಚಿದರೂ ಅದು ಬರಲಿಲ್ಲ.

ನಾನು ದಿಕ್ಸೂಚಿಯನ್ನು ಮೇಡಂ ಮುಂದಿಟ್ಟೆ. "ನಂಗ ಆಗಂಗಿಲ್ರಿ ಮೇಡಂ. ನಾಳಿಂದ ಬರಂಗಿಲ್ಲ."

"ತಂಡದಾಗ ಈ ವರ್ಷ ನಿಂಗ ಜಾಗ ಇಲ್ಲ, ಅದು ಖರೆ" ಎಂದರು. ದಿಕ್ಸೂಚಿ ಮುಟ್ಟಲಿಲ್ಲ. "ಆದ್ರ ನಿಂದೊಂದು ತುಂಡು ಗುಡ್ಡದಾಗ ಬಿದ್ದದ. ಮುಂಜಾನಿ ಬಾ, ಹುಡುಕೂಣು."

ಮರುದಿನ ಬೆಳಕು ಹರಿಯುವಾಗ ಇಬ್ಬರೇ ಹೋದೆವು. ಓಡಲಿಲ್ಲ, ನಡೆದೆವು. ಮಂಜು ಸಣ್ಣಗೆ ಹರಡಿತ್ತು. ಬುದ್ಧ ಅದರ ಮೇಲೆ ತೇಲುತ್ತಿದ್ದ. ಮೇಡಂ ಹೆಜ್ಜೆಹೆಜ್ಜೆಗೂ ನನ್ನನ್ನು ಗುಡ್ಡದ ಕಡೆ ನೋಡಿಸಿದರು. ಒಂದು ಹುಣಸೆ ಗಿಡ ದಾಟುವವರೆಗೆ ಬುದ್ಧ ಇದ್ದ. ದಾಟಿದೊಡನೆ ಮೂಗು ಹಣೆಯಿಂದ ಬೇರೆಯಾಯಿತು, ಎದೆ ಎರಡು ಹೋಳಾಯಿತು, ನನ್ನ ಕಣ್ಣೆದುರೇ ಅವನು ಕರಗಿ ಬರೀ ಕಲ್ಲಾದ. ನನಗೆ ಅಳು ಬಂತು.

"ಇಲ್ಲೆ ನೋಡು ನಿನ್ನ ತುಂಡು" ಎಂದರು ಮೇಡಂ. "ಅವಾ ರಸ್ತಾದ ಕಡಿಂದ ನೋಡವ್ರಿಗಷ್ಟ ಮಲಗ್ಯಾನ."

"ಹಂಗಾದ್ರ ಅವಾ ಇಲ್ಲೇನ್ರಿ?"

"ಎಲ್ಲಿ ಹೋಗ್ತಾನ? ನೀ ಜಾಗ ಬದಲ್ ಮಾಡೀದಿ, ಹೆಬ್ಬಟ್ಟ ಸರಸಲಿಲ್ಲ. ಅಷ್ಟ." ಆಮೇಲೆ ಬಂಡೆಯ ಮೇಲೆ ಕೂತು, ಸೆರಗಿನಲ್ಲಿ ಕಟ್ಟಿ ತಂದಿದ್ದ ಸಜ್ಜಿ ರೊಟ್ಟಿ ಮುರಿದು ಕೊಟ್ಟರು. "ದಾರಿ ತಪ್ಪಿತು ಅಂದ್ರ ಮೊದಲ ನಿಂದರಬೇಕು. ಹೆದರಿದವ್ರೇ ಭಾಳ ಜೋರ ಓಡತಾರ."

ಮುಂದಿನ ವರ್ಷ ತಂಡದಲ್ಲಿ ಜಾಗ ಸಿಕ್ಕಿತು. ಗೆದ್ದದ್ದು ಸೋತದ್ದು ಈಗ ನೆನಪಿಲ್ಲ. ಈಗ ಸೈದಾಪುರದ ಕಡೆ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಬದುಕಿನಲ್ಲಿ ನಂಬಿದ್ದು ಹಿಂಬದಿಯಿಂದ ಕಲ್ಲಾಗಿ ಕಂಡಾಗಲೆಲ್ಲ ಓಡದೆ ನಿಂತಿದ್ದೇನೆ. ಆ ನಿಲ್ಲುವುದನ್ನು ಕಲಿಸಿದ್ದು ಅವರೊಬ್ಬರೇ.

ಹೋದ ಬೇಸಿಗೆಯಲ್ಲಿ ಮೇಡಂ ಹಾಸಿಗೆ ಹಿಡಿದರು. ಸುರಪುರದ ಮನೆಗೆ ಹೋದಾಗ ಮಧ್ಯಾಹ್ನ. ಮಂಚದ ಮೇಲೆ ಅವರು ಇಷ್ಟೇ ಇಷ್ಟು ಆಗಿದ್ದರು. ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ. ನಾನು ಪಕ್ಕದಲ್ಲಿ ಕೂತ ಮೇಲೆ, "ಕಣ್ಣ ಮುಚ್ಚು. ಓಡು" ಎಂದರು.

ನಾನು ಕಣ್ಣು ಮುಚ್ಚಿ ನಮ್ಮೂರ ಗುಡ್ಡ ಹತ್ತಿದೆ. ಗುಡ್ಡದ ಬುಡದ ಗೇಟು ದಾಟಿದೆ, ಕೆರೆಯ ದಂಡೆ ಹಿಡಿದೆ, ಹುಣಸೆ ಗಿಡದ ಹತ್ತಿರ ಬಲಕ್ಕೆ ಹೊರಳಿ ಹಳ್ಳಕ್ಕಿಳಿದೆ. ಅವರು ಮೆಚ್ಚುವ ದಾರಿ ಅದು.

"ಅಲ್ಲ" ಎಂದಿತು ಕ್ಷೀಣ ದನಿ. "ಅವತ್ತು ಓಡಿದ್ದು ಹೇಳು."

ಕಣ್ಣು ತೆರೆದೆ. ಹೊದಿಕೆಯ ಮೇಲೆ ಅವರ ಹೆಬ್ಬೆರಳು ಮಡಚಿ, ಹುಣಸೆ ಗಿಡದ ಹತ್ತಿರ ನನಗಾಗಿ ಕಾಯುತ್ತಿತ್ತು. ಮತ್ತೆ ಕಣ್ಣು ಮುಚ್ಚಿದೆ. ಹಣೆ ನೋಡುತ್ತ ಓಡಿದೆ, ಹಿಂಬದಿಗೆ ಹೊರಳಿದೆ, ಬುದ್ಧನನ್ನು ಕಳೆದುಕೊಂಡೆ. ಒಂದು ತಪ್ಪನ್ನೂ ಬಿಡದೆ ಹೇಳಿದೆ.

"ಈಗ?" ಎಂದರು.

"ನಿಂತೀನ್ರಿ ಮೇಡಂ."

"ಚಲೋ ಆತು" ಎಂದರು. ಬೆರಳು ಹೊದಿಕೆಯನ್ನು ಒತ್ತಿ ಹಾಗೆಯೇ ನಿಂತಿತು.

ಆ ವಾರ ಕಳೆಯುವುದರೊಳಗೆ ಅವರು ಹೋದರು. ಈಗ ಊರಿಗೆ ಬರುವಾಗ ಬಸ್ಸಿನ ಕಿಟಕಿಯಲ್ಲಿ ಬುದ್ಧ ಕಾಣಿಸಿಕೊಳ್ಳುತ್ತಾನೆ. ಪಕ್ಕದಲ್ಲಿ ಅವ್ವ ಕೈ ಮುಗಿಯುತ್ತಾಳೆ, ನಾನೂ ಮುಗಿಯುತ್ತೇನೆ. ನನ್ನ ಎಡಗೈ ಹೆಬ್ಬೆರಳು ಮಾತ್ರ ಮಡಚಿಕೊಂಡೇ ಇರುತ್ತದೆ.