ಪುಕ್ಕ ಬರುವವರೆಗೆ

ಬೆಳಿಗ್ಗೆ ಎದ್ದು ಬಾಯಿಗೆ ಒಂದು ಗುಟುಕು ನೀರು ಹಾಕುವ ಮೊದಲೇ ಪಾರ್ಲರಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಾಳೆ. ಒಂದು ಪಕ್ಕದಲ್ಲಿ ನಾಯಿ, ಇನ್ನೊಂದು ಪಕ್ಕದಲ್ಲಿ ಕೋಳಿಗೂಡು. "ದೇವರೇ, ಇವತ್ತೊಂದು ದಿನ ನೋಡ್ಕೋ" ಎಂದು ತುಟಿಯೊಳಗೇ ಹೇಳಿಕೊಂಡು, ಎರಡು ಬೆರಳಿನಿಂದ ನಾಯಿಯ ಗಲ್ಲ ಹಿಡಿದು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿ, "ಆ ಕಡೆ ನೋಡು" ಅನ್ನುತ್ತಾಳೆ. ನಾಯಿ ನೋಡುತ್ತದೆ. ಆಮೇಲೆ ಗೂಡಿನ ಚಿಲಕ ತೆಗೆಯುತ್ತಾಳೆ. ಜ್ವರ ಬಂದು ಮೈ ಕೆಂಡವಾಗಿದ್ದ ದಿನವೂ ಇದು ತಪ್ಪಿಲ್ಲ. ಮದುವೆ ಸೀಸನ್ನಿನಲ್ಲಿ ಹೆಣ್ಣಿನ ಕಡೆಯವರು ಬೆಳಕು ಹರಿಯುವ ಮೊದಲೇ ಬಾಗಿಲು ಬಡಿದಾಗಲೂ, "ಕೂತಿರಿ, ನನ್ನ ಮೊದಲನೇ ಗಿರಾಕಿ ಮುಗಿಸಿ ಬಂದೆ" ಎಂದು ಅವರನ್ನೇ ಕಾಯಿಸಿದ್ದಾಳೆ.

ಆ ಮಾತೂ ಆ ಎರಡು ಬೆರಳೂ ಅವಳ ಕಸುಬಿನವು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಅವಳ ಬ್ಯೂಟಿ ಪಾರ್ಲರ್. ಗೋಡೆಯುದ್ದಕ್ಕೂ ಒಂದು ಕನ್ನಡಿ, ಅದರ ಮುಂದೆ ಎರಡು ಕುರ್ಚಿ. ಅದರಲ್ಲೊಂದು ಏರುತ್ತದೆ, ಇಳಿಯುವುದಿಲ್ಲ. ಕುಳ್ಳಗಿರುವವರನ್ನು ಅದರಲ್ಲಿ ಕೂರಿಸುತ್ತಾಳೆ, ಅವರಿಗೂ ಖುಷಿ. ಕನ್ನಡಿಯಲ್ಲಿ ನೋಡಿದರೆ ನಡುಮನೆ, ಅಡುಗೆಮನೆ ದಾಟಿ ಹಿತ್ತಲ ಬಾಗಿಲವರೆಗೂ ಕಾಣುತ್ತದೆ. ಹಾಗಾಗಿ ಗಿರಾಕಿಯ ಹುಬ್ಬು ತಿದ್ದುತ್ತಲೇ ಒಲೆಯ ಮೇಲಿನ ಹಾಲು ಉಕ್ಕಿತೇ ಎಂದು ನೋಡಿಕೊಳ್ಳಬಲ್ಲಳು. ಊರಿನ ಅರ್ಧಕ್ಕರ್ಧ ಹೆಂಗಸರು ಅವಳ ಎರಡು ಬೆರಳಿಗೆ ಗಲ್ಲ ಕೊಟ್ಟು, ಆ ಕಡೆ ನೋಡಿ, ಈ ಕಡೆ ನೋಡಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಂಡು ಹೋದವರೇ.

ಗಂಡ ಲಾರಿ ಓಡಿಸುವವನು. ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಮನೆಯಲ್ಲಿ ಉಳಿಯುವುದು ಅವಳೂ ಅತ್ತೆಯೂ. ನಾಯಿ ಬಂದದ್ದು ಅವನ ಜೊತೆಗೆ. ಯಾವುದೋ ಊರಿನಲ್ಲಿ ಟೈರು ಬಿಚ್ಚಿ ಕೂತಿದ್ದಾಗ ಲಾರಿ ಹತ್ತಿ ಕ್ಲೀನರಿನ ಸೀಟಿನಲ್ಲಿ ಕೂತುಬಿಟ್ಟಿತಂತೆ. ಎಷ್ಟು ಗದರಿದರೂ ಇಳಿಯಲಿಲ್ಲ. ಆ ಹೆಸರೇ ಉಳಿಯಿತು, ಕ್ಲೀನರ್. ಬೆಕ್ಕು ಮಾತ್ರ ಇಲ್ಲೇ ಹುಟ್ಟಿ ಬೆಳೆದದ್ದು. ಖಾಲಿ ಕುರ್ಚಿ ಕಂಡರೆ ಹತ್ತಿ ಕೂತು ಕನ್ನಡಿ ನೋಡಿಕೊಳ್ಳುತ್ತದಾದ್ದರಿಂದ ಅದಕ್ಕೆ ಮೇಡಮ್ಮು ಎಂದು ಹೆಸರು. ಇವೆರಡೂ ಒಂದರ ತಂಟೆಗೆ ಒಂದು ಹೋಗದೆ, ನೆಂಟಸ್ತಿಕೆ ಇದ್ದೂ ಮಾತಿಲ್ಲದ ಓರಗಿತ್ತಿಯರಂತೆ ಇದ್ದವು.

ಕೋಳಿಗಳ ಸುದ್ದಿ ಬಂದದ್ದು ಕುರ್ಚಿಯಲ್ಲಿ ಕೂತವಳೊಬ್ಬಳಿಂದ. ಊರ ಹೊರಗಿನ ಮೊಟ್ಟೆ ಶೆಡ್ಡಿನಲ್ಲಿ ಟ್ರೇ ತುಂಬುವ ಹುಡುಗಿ, ಕೂದಲ ತುದಿ ಕತ್ತರಿಸಿಕೊಳ್ಳಲು ಬಂದಿದ್ದಳು.

"ನಾಳೆ ಕೆಲಸ ಇಲ್ಲ ಅಕ್ಕ. ಹಳೇ ಕೋಳಿ ಎಲ್ಲ ತೆಗೀತಾರೆ, ಲಾರಿ ಬರುತ್ತೆ."

"ತೆಗೆದು?"

"ತೆಗೆದು ಇನ್ನೇನು? ಮೊಟ್ಟೆ ಕಮ್ಮಿ ಆಯ್ತಲ್ಲ." ಹುಡುಗಿ ಕನ್ನಡಿಯಲ್ಲಿ ಅವಳನ್ನು ನೋಡಿ ಹೇಳಿದಳು, "ಅವು ಒಂದು ದಿನಾನೂ ನೆಲ ಮುಟ್ಟಿಲ್ಲ ಅಕ್ಕ. ಪಂಜರದ ತಂತಿ ಮೇಲೇ ಹುಟ್ಟಿದ ಹಾಗೆ."

ಪಾರ್ಲರಕ್ಕ ಅವಳ ತುದಿ ಕತ್ತರಿಸಿ ಕಳಿಸಿದಳು. ಮಾರನೇ ಬೆಳಿಗ್ಗೆ ಶ್ಯಾಂಪೂ ಬಂದಿದ್ದ ರಟ್ಟಿನ ಡಬ್ಬಗಳಿಗೆ ತೂತು ಕೊರೆದು, ಆಟೋ ಹಿಡಿದು, ಶೆಡ್ಡಿನ ಮೇಸ್ತ್ರಿಯ ಹತ್ತಿರ ಮಾತಾಡಿ ಐದು ಕೋಳಿ ತಂದಳು. ಎಲ್ಲವನ್ನೂ ತರಲು ಆಗುವುದಿಲ್ಲ, ಕೈಗೆ ಬಂದದ್ದನ್ನು ಬಿಡಲೂ ಆಗುವುದಿಲ್ಲ. ದೇವರು ಕೇಳಿದರೆ ಅಷ್ಟು ಹೇಳಬಹುದು ಎಂದು ಅವಳ ಲೆಕ್ಕ.

ಡಬ್ಬ ತೆರೆದಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇದೇನೇ ಇದು, ಅರ್ಧ ಅಡುಗೆ ಆದ ಮೇಲೆ ಎದ್ದು ಬಂದ ಹಾಗಿವೆ!"

ಹಾಗೇ ಇದ್ದವು. ಕುತ್ತಿಗೆಯಲ್ಲಿ, ಬೆನ್ನಿನಲ್ಲಿ ಪುಕ್ಕವಿಲ್ಲ. ಜುಟ್ಟು ಬಿಳುಚಿ ಒಂದು ಪಕ್ಕಕ್ಕೆ ಬಿದ್ದಿದೆ. ಉಗುರು ಸುರುಳಿ ಸುತ್ತಿಕೊಂಡಿದೆ. ಮಣ್ಣಿನ ಮೇಲೆ ಬಿಟ್ಟರೆ ಕಾದ ಹಂಚಿನ ಮೇಲೆ ನಿಂತಂತೆ ಒಂದೊಂದೇ ಕಾಲು ಎತ್ತಿ ಹಿಡಿದವು. ಪಾರ್ಲರಕ್ಕ ಗಾಬರಿಯಾಗಲಿಲ್ಲ. ತನ್ನ ಕತ್ತರಿ ತಂದು ಮೊದಲು ಉಗುರು ಕತ್ತರಿಸಿದಳು. ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು, ಕೂದಲು ಉದುರುತ್ತದೆಂದು ಕಣ್ಣೀರು ಹಾಕುವ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದಳು: "ಬರುತ್ತಮ್ಮ. ಬೇರು ಚೆನ್ನಾಗಿದೆ. ಸ್ವಲ್ಪ ಟೈಮ್ ಕೊಡಬೇಕು ಅಷ್ಟೆ."

ಬೀದಿಗೆ ಬಾಯಿ ತುಂಬ ಕೆಲಸ ಸಿಕ್ಕಿತು. "ಏನಕ್ಕ, ನಿಮ್ಮ ಹೇರ್ ಆಯಿಲ್ಲು ಇವಕ್ಕೂ ಹಚ್ಚಿದ್ರಾ? ನಂಗೆ ಬೇಡ ಬಿಡಿ" ಎಂದಳು ಎದುರುಮನೆಯ ಟೀಚರು.

"ಹಚ್ಚಿಲ್ಲ. ಅದಕ್ಕೇ ಹಾಗಿವೆ" ಎಂದಳು ಪಾರ್ಲರಕ್ಕ.

ಮೇಡಮ್ಮಿನ ವಿಷಯ ಮೊದಲ ದಿನವೇ ಇತ್ಯರ್ಥವಾಯಿತು. ಅದು ಗತ್ತಿನಿಂದ ಮೂಸಲು ಹೋದಾಗ ಎಲ್ಲಕ್ಕಿಂತ ಬೋಳಾಗಿದ್ದ ಕೋಳಿ ಮೂಗಿನ ತುದಿಗೆ ಒಂದೇ ಒಂದು ಕುಕ್ಕು ಕೊಟ್ಟಿತು. ಮೇಡಮ್ಮು ಬೀರುವಿನ ಮೇಲೆ ಹತ್ತಿ ಕೂತು ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಕ್ಲೀನರಿನ ವಿಷಯ ಹಾಗಾಗಲಿಲ್ಲ.

ಐದರಲ್ಲಿ ಚಿಕ್ಕದೊಂದಿತ್ತು. ಅತ್ತೆ ಮಂಡಿನೋವಿಗೆ ಕಾಲು ಚಾಚಿ ಕೂತರೆ ಬಂದು ಅವರ ಚಪ್ಪಲಿಯ ಗುಂಡಿ ಕುಕ್ಕುತ್ತಾ ಅಲ್ಲೇ ಕೂರುತ್ತಿತ್ತು. ಸಣ್ಣಮ್ಮ ಎಂದು ಕರೆಯುತ್ತಿದ್ದರು. "ಕೋಳಿ ಗೀಳಿ ನನಗಾಗಲ್ಲ" ಎಂದವರೇ, ಅನ್ನ ಹಿಸುಕಿ ಅಂಗೈಯಲ್ಲಿ ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ಪಾತ್ರೆ ಬಿದ್ದ ಸದ್ದಿಗೆ ಸಣ್ಣಮ್ಮ ಬೆದರಿ ರೆಕ್ಕೆ ಬಡಿಯುತ್ತಾ ನಡುಮನೆಗೆ ಓಡಿತು. ಓಡುವುದನ್ನು ಕಂಡ ಕ್ಲೀನರ್ ನಾಯಿ ಮಾಡುವುದನ್ನು ಮಾಡಿತು. ಪಾರ್ಲರಕ್ಕ ಕನ್ನಡಿಯಲ್ಲಿ ಕಂಡು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಯಿ ಬಾಲ ಅಲ್ಲಾಡಿಸುತ್ತಾ ಅದನ್ನು ಅವಳ ಪಾದದ ಹತ್ತಿರ ತಂದಿಟ್ಟಿತು.

ಗೋಡೆ ಬದಿಯಲ್ಲಿ ಗುಂಡಿ ತೋಡಿ ಮಣ್ಣು ಮಾಡಿದರು. ಅತ್ತೆ ಅಂದು ಊಟ ಮಾಡಲಿಲ್ಲ.

"ಒಂದೋ ಅದು ಇರ್ಲಿ, ಇಲ್ಲಾ ಇವು ಇರ್ಲಿ. ಒಂದು ಸಲ ರುಚಿ ನೋಡಿದ್ದು ಬಿಡುತ್ತಾ? ನನ್ನ ಕಣ್ಣೆದುರಿಗೆ ಇನ್ನೊಂದು ಹೋಗೋದು ಬೇಡ" ಎಂದರು.

ಆ ವಾರ ಅಣ್ಣ ಬಂದ. ಪಾರ್ಲರಕ್ಕನ ಅಣ್ಣನಿಗೆ ಮರದ ಡಿಪೋ ಇದೆ. ಗಂಟಲು ದೊಡ್ಡದು, ಮನಸ್ಸೂ ದೊಡ್ಡದು. ತಂಗಿ ಕತ್ತರಿ ಹಿಡಿದ ದಿನದಿಂದ ಬೇರೆಯವರ ಕೈಯಲ್ಲಿ ಕ್ಷೌರ ಮಾಡಿಸಿಕೊಂಡವನಲ್ಲ. ಆದರೆ ಹೆಂಗಸರ ಪಾರ್ಲರಿನಲ್ಲಿ ಕೂತದ್ದು ಯಾರಾದರೂ ಕಂಡರೆ ಡಿಪೋದಲ್ಲಿ ತಲೆ ಎತ್ತಲಾಗದು ಎಂದು ರಜೆಯ ದಿನ, ಶಟರ್ ಮುಕ್ಕಾಲು ಎಳೆಸಿಯೇ ಕೂರುತ್ತಾನೆ.

"ನಾಯಿ ನನಗೆ ಕೊಡು" ಎಂದ. "ಗೇಟಿನ ಹತ್ತಿರ ಕಟ್ಟಿ ಹಾಕ್ತೀನಿ. ಮೂರು ಹೊತ್ತು ಊಟ, ನೆರಳು. ರಾಜನ ಹಾಗೆ ಇರುತ್ತೆ."

ಡಿಪೋದ ನಾಯಿಗಳನ್ನು ಪಾರ್ಲರಕ್ಕ ನೋಡಿದ್ದಳು. ಹೊಟ್ಟೆಗೆ ಕಡಿಮೆಯಿರಲಿಲ್ಲ. ಆದರೆ ಸರಪಳಿಯ ಉದ್ದಕ್ಕೆ ನೆಲ ಸವೆದು ಅರ್ಧಚಂದ್ರವಾಗಿತ್ತು. ಅಲ್ಲಿಗೆ ಹೋದ ಯಾವ ನಾಯಿಯೂ ವರ್ಷ ಕಳೆಯುವಷ್ಟರಲ್ಲಿ ಊಟ ಹಾಕುವ ಕೈಗೂ ಗುರ್ ಅನ್ನದೆ ಇರಲಿಲ್ಲ. ಸೀಟು ಬಿಟ್ಟು ಇಳಿಯದೆ ಮನುಷ್ಯರನ್ನು ನಂಬಿ ಬಂದ ನಾಯಿ ಅಲ್ಲಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಕೋಳಿಗಳಿಗೆ ಪುಕ್ಕ ಬರೋವರೆಗೆ ಟೈಮ್ ಕೊಡಿ" ಎಂದಳು ಇಬ್ಬರಿಗೂ. "ಅಷ್ಟರಲ್ಲಿ ಇನ್ನೊಂದಕ್ಕೆ ಬಾಯಿ ಹಾಕಿದ್ರೆ ನಾನೇ ಆಟೋದಲ್ಲಿ ಕೂರಿಸಿ ಡಿಪೋಗೆ ಕರ್ಕೊಂಡು ಬರ್ತೀನಿ."

ಅತ್ತೆ ಮುಖ ಊದಿಸಿಕೊಂಡೇ ಒಪ್ಪಿದರು. ಅಣ್ಣ ನಕ್ಕ. "ನೀನು ನಾಯಿಗೆ ಮೇಕಪ್ ಮಾಡಬಹುದು ತಂಗಿ. ಗುಣ ಹೇಗೆ ಬದಲಾಯಿಸ್ತೀಯ?"

"ಗುಣ ಯಾಕೆ ಬದಲಾಯಿಸಲಿ? ಮುಖ ತಿರುಗಿಸಿದ್ರೆ ಸಾಕು."

ಅವಳಿಗೆ ಅದು ಗೊತ್ತಿದ್ದದ್ದು ಮಕ್ಕಳ ಕೂದಲು ಕತ್ತರಿಸಿ. ಕತ್ತರಿ ಕಂಡರೆ ಕಿರುಚುವ ಮಕ್ಕಳಿಗೆ "ನೋಡಬೇಡ" ಎಂದರೆ ಯಾವ ಮಗುವೂ ಕೇಳುವುದಿಲ್ಲ. "ಆ ಕಡೆ ನೋಡು" ಎಂದರೆ ಕೇಳುತ್ತದೆ. ನಾಯಿಗೂ ಹಾಗೆಯೇ ಶುರು ಮಾಡಿದಳು. ಮೊದಲು ನಡುವೆ ಜಾಲರಿ. ಹಗ್ಗದ ಒಂದು ತುದಿ ಕ್ಲೀನರಿಗೆ, ಇನ್ನೊಂದು ತುದಿ ಅವಳ ಸೊಂಟಕ್ಕೆ. ಕೋಳಿಯ ಮೇಲೆ ಅದರ ಕಣ್ಣು ನೆಟ್ಟಿತೆಂದರೆ ಗಲ್ಲಕ್ಕೆ ಎರಡು ಬೆರಳು, ಆ ಕಡೆ ನೋಡು. ತಾನಾಗಿ ತಿರುಗಿದರೆ ಬ್ರೆಡ್ಡಿನ ಅಂಚು. ಗದರಿಲ್ಲ, ಹೊಡೆದಿಲ್ಲ. ಬೆಳಿಗ್ಗೆ ಹಿತ್ತಲಲ್ಲಿ, ಗಿರಾಕಿ ಇಲ್ಲದ ಮಧ್ಯಾಹ್ನ ನಡುಮನೆಯಲ್ಲಿ. ಆಮೇಲೆ ಜಾಲರಿ ತೆಗೆದಳು, ಹಗ್ಗ ಬಿಡಲಿಲ್ಲ. ಆಮೇಲೆ ಹಗ್ಗವನ್ನು ಸಡಿಲ ಬಿಟ್ಟಳು.

ಎಷ್ಟರಮಟ್ಟಿಗೆ ಕಲಿಯಿತೆಂದರೆ, ಕುರ್ಚಿಯಲ್ಲಿ ಕೂತವರಿಗೆ ಅವಳು "ಆ ಕಡೆ ನೋಡಿ" ಎಂದಾಗಲೆಲ್ಲ ಬಾಗಿಲ ಬಳಿ ಮಲಗಿದ್ದ ಕ್ಲೀನರೂ ಕತ್ತು ತಿರುಗಿಸುತ್ತಿತ್ತು. "ಅದಕ್ಕೂ ಹೇರ್‌ಕಟ್ಟಾ ಅಕ್ಕ?" ಎಂದು ಟ್ರೇ ಹುಡುಗಿ ನಕ್ಕು ನಕ್ಕು, ಅವತ್ತು ಅವಳ ಮುಂಗೂದಲು ಸೊಟ್ಟ ಬಿತ್ತು.

ಅತ್ತೆಗೆ ನಂಬಿಕೆ ಬರಲಿಲ್ಲ. "ನೀನಿದ್ದಾಗ ಎಲ್ಲಾ ಸರಿ. ನೀನಿಲ್ಲದಾಗ ನೋಡ್ಬೇಕು" ಎನ್ನುತ್ತಿದ್ದರು. ಅದು ಪಾರ್ಲರಕ್ಕನಿಗೂ ಗೊತ್ತಿತ್ತು. ಕೆಲಸದ ಹೊತ್ತಿನಲ್ಲಿ ಅಡುಗೆಮನೆಯ ಜಾಲರಿ ಬಾಗಿಲಿಗೆ ತಪ್ಪದೆ ಕೊಂಡಿ ಹಾಕುತ್ತಿದ್ದಳು.

ಅದು ತಪ್ಪಿದ್ದು ಒಂದು ಮದುವೆಯ ದಿನ. ಮದುಮಗಳು ಕುರ್ಚಿಯಲ್ಲಿದ್ದಳು, ಅವಳ ಅಮ್ಮ, ಚಿಕ್ಕಮ್ಮ, ಅತ್ತಿಗೆ ಎಲ್ಲ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಪಾರ್ಲರಕ್ಕನ ಎಡಗೈಯಲ್ಲಿ ಮೇಲಕ್ಕೆ ಸುತ್ತಿ ಹಿಡಿದ ಕೂದಲು, ಬಲಗೈಯಲ್ಲಿ ಪಿನ್ನು, ಬಾಯಲ್ಲಿ ಇನ್ನೊಂದಿಷ್ಟು ಪಿನ್ನು. ಬಿಟ್ಟರೆ ಎಲ್ಲ ಬಿಚ್ಚಿಹೋಗುವ ಹೊತ್ತು. ಆಗ ಕನ್ನಡಿಯಲ್ಲಿ ಕಂಡಿತು. ಬಟ್ಟೆ ಒಣಹಾಕಲು ಹೋದ ಅತ್ತೆ ಜಾಲರಿ ಬಾಗಿಲು ತೆರೆದೇ ಬಿಟ್ಟಿದ್ದರು. ಮೇಡಮ್ಮಿನ ಮೂಗಿಗೆ ಕುಕ್ಕಿದ್ದ ಆ ಬೋಳು ಕೋಳಿ ಮನೆ ತನ್ನದೇ ಎಂಬಂತೆ ಒಳಗೆ ನಡೆದು ಬರುತ್ತಿತ್ತು. ನಡುಮನೆಯಲ್ಲಿ ಕ್ಲೀನರ್ ಮಲಗಿತ್ತು. ಹಗ್ಗವಿರಲಿಲ್ಲ.

ಪಾರ್ಲರಕ್ಕನ ಜೀವ ಬಾಯಿಗೆ ಬಂತು. ಬಾಯಿ ತುಂಬ ಪಿನ್ನು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಅತ್ತೆಯೂ ಹಿತ್ತಲ ಬಾಗಿಲಲ್ಲಿ ಕಂಡರು. ಒದ್ದೆ ಟವೆಲ್ ಕೈಯಲ್ಲಿ ಹಿಡಿದು ಕಂಬದಂತೆ ನಿಂತಿದ್ದರು. ಯಾರೋ ನಕ್ಕ ಸದ್ದಿಗೆ ಕೋಳಿ ಬೆದರಿ ರೆಕ್ಕೆ ಬಡಿಯಿತು, ಓಡಿತು. ಕ್ಲೀನರಿನ ಕಿವಿ ಎರಡೂ ನೆಟ್ಟಗಾದವು. ಮೈ ಬಿಗಿಯಿತು. ಮುಂಗಾಲು ಊರಿ ಅರ್ಧ ಎದ್ದಿತು.

ದೇವರೇ, ಇವತ್ತೊಂದು ದಿನ, ಎಂದಳು ಅವಳು, ಮನಸ್ಸಿನಲ್ಲೇ.

ನಾಯಿ ಕತ್ತು ತಿರುಗಿಸಿತು. ಕೊಟ್ಟ ಸಾಲ ಕೇಳುವವನು ಎದುರು ಬಂದಾಗ ದೊಡ್ಡಮನುಷ್ಯರು ಅಂಗಡಿಯ ಬೋರ್ಡು ಓದುವ ಹಾಗೆ, ಗೋಡೆಯನ್ನೇ ನೋಡುತ್ತಾ ಮತ್ತೆ ಮಲಗಿತು. ಮೈ ಗಡಗಡ ನಡುಗುತ್ತಿತ್ತು. ಕೋಳಿ ಓಡಿದ್ದು ಸಾಕೆನಿಸಿ ನಿಂತು, ಅತ್ತಿತ್ತ ನೋಡಿ, ನಾಯಿಯ ಬಾಲದ ಪಕ್ಕದಲ್ಲಿ ಬಿದ್ದಿದ್ದ ಮಣಿಯೊಂದನ್ನು ಕುಕ್ಕತೊಡಗಿತು. ಒಂದು ಪುಕ್ಕವೂ ಕೊಂಕಲಿಲ್ಲ.

ಪಾರ್ಲರಕ್ಕ ಮದುಮಗಳ ಜಡೆಗೆ ಕೊನೆಯ ಪಿನ್ನು ಸಿಕ್ಕಿಸಿದಳು. ಅವತ್ತಿನಷ್ಟು ಭದ್ರವಾದ ಜಡೆ ಅವಳು ಹಿಂದೆ ಕಟ್ಟಿರಲಿಲ್ಲ.

ಸಂಜೆ ಅತ್ತೆ ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ಬ್ರೆಡ್ಡಿನ ಅಂಚು. "ಅವನು ಎಲ್ಲಿ?" ಎಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ಕ್ಲೀನರ್ ಬರೀ "ಅದು" ಆಗಿತ್ತು. ಸೊಸೆ ಕೇಳಿಸಿಕೊಂಡಳು, ನಾಯಿಯನ್ನು ಕರೆದಳು.

ಆ ಹೊತ್ತಿಗೆ ಕೋಳಿಗಳ ಬೆನ್ನಿನಲ್ಲಿ ಮುಳ್ಳು ಮುಳ್ಳಾಗಿ ಏನೋ ಕಾಣಿಸಿತ್ತು. ಕೆಲವೇ ವಾರದಲ್ಲಿ ಅದು ಬಿಚ್ಚಿ ಕಂದು ಪುಕ್ಕವಾಯಿತು, ಜುಟ್ಟು ಕೆಂಪೇರಿತು. ಬಿಸಿಲಿಗೆ ಬಂದು ಮೈ ಕೊಡವಿದರೆ ಎದುರುಮನೆಯ ಟೀಚರು ಗೇಟಿನ ಹತ್ತಿರ ನಿಂತು, "ಅಕ್ಕ, ಆ ಎಣ್ಣೆ ಯಾವುದು ಹೇಳಿಬಿಡಿ" ಎಂದಳು. ಈ ಸಲ ತಮಾಷೆಗೆ ಕೇಳಿದಂತಿರಲಿಲ್ಲ.

ರಜೆಯ ದಿನ ಅಣ್ಣ ಬಂದ. ಶಟರ್ ಎಳೆದು, ಟವೆಲ್ ಹೊದ್ದು, ಏರಿದ್ದೇ ಇಳಿಯದ ಕುರ್ಚಿಯಲ್ಲಿ ಕೂತು, ಜೇಬಿನಿಂದ ಹೊಳೆಯುವ ಹೊಸ ಸರಪಳಿ ತೆಗೆದು ಕನ್ನಡಿಯ ಮುಂದೆ ಇಟ್ಟ.

"ಪುಕ್ಕ ಬಂತಲ್ಲ ತಂಗಿ. ಗಾಡಿ ತಂದಿದೀನಿ, ಇವತ್ತೇ ಕರ್ಕೊಂಡು ಹೋಗ್ತೀನಿ."

"ಅದು ತಪ್ಪು ಮಾಡಿದ್ರೆ ಅಂತಲ್ವಾ ಅಣ್ಣ ಮಾತು?"

"ಮಾಡಿಲ್ಲ ಅಂದ್ರೂ. ನೀನೊಬ್ಬಳೇ ಎಷ್ಟು ಅಂತ ನೋಡ್ತೀಯ? ಕೆಲಸ, ಅತ್ತೆ, ಬೆಕ್ಕು, ಕೋಳಿ. ಒಂದು ಭಾರ ಇಳೀಲಿ ಅಂತ." ಅಡುಗೆಮನೆಯ ಕಡೆ ಕೂಗಿದ, "ಏನಮ್ಮ, ನೀವೇ ಹೇಳಿ!"

"ನನ್ನನ್ನ ಯಾಕಪ್ಪ ಕೇಳ್ತೀಯ?" ಒಳಗಿನಿಂದ ಅತ್ತೆ ಹೇಳಿದರು. "ನಿನ್ನ ಡಿಪೋಗೆ ಬೇಕಾದ್ರೆ ಬೇರೆ ನೋಡ್ಕೋ. ಇವನಿಗೆ ಇಲ್ಲಿ ಕೆಲಸ ಇದೆ."

ಅಣ್ಣ ಕನ್ನಡಿಯಲ್ಲಿ ತಂಗಿಯ ಮುಖ ನೋಡಿದ. "ನಾನೇನು ಬೇರೆಯವನಾ? ಒಳ್ಳೇದಕ್ಕೆ ಹೇಳ್ತಿದೀನಿ."

"ಬೇರೆಯವನಾಗಿದ್ರೆ ಇಷ್ಟು ಹೊತ್ತು ಕೇಳ್ತಾನೇ ಇರಲಿಲ್ಲ." ಪಾರ್ಲರಕ್ಕ ಸರಪಳಿಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. "ಬೇಡಣ್ಣ. ಇವನು ಇಲ್ಲೇ ಇರ್ತಾನೆ. ಇದನ್ನ ನಿನ್ನ ಗೇಟಿಗೇ ಹಾಕ್ಕೋ."

ಅಣ್ಣ ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಎರಡು ಬೆರಳು ಅವನ ಗಲ್ಲಕ್ಕೆ ಕೊಟ್ಟಳು.

"ಆ ಕಡೆ ನೋಡು."

ಅಣ್ಣ ನೋಡಿದ. ಬಾಗಿಲ ಬಳಿ ಮಲಗಿದ್ದ ಕ್ಲೀನರೂ ನೋಡಿತು.